ರಾಜ್ಯ, ಜಿಲ್ಲೆ, ತಾಲೂಕು: ಒಂದು ಪಟ್ಟಿ ಬದಲಾದಾಗ ಉಳಿದವು ಏನಾಗಬೇಕು?

(ಮಹಿಳಾ ವೇದಿಕೆಯ ತಿಂಗಳ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಕ್ಷೆಯವರೇ, ಕಾರ್ಯಕಾರಿ ಸಮಿತಿಯ ಸದಸ್ಯೆಯರೇ, ಭಾನುವಾರದ ಮೆಗಾಬ್ಲಾಕನ್ನೂ ಲೆಕ್ಕಿಸದೆ ಬೋರಿವಲಿಯಿಂದ, ಡೊಂಬಿವಲಿಯಿಂದ, ನವಿ ಮುಂಬಯಿಯಿಂದ ಬಂದಿರುವ ಅಕ್ಕಂದಿರೇ, ತಂಗಿಯರೇ,

ಈ ತಿಂಗಳ ಉಪನ್ಯಾಸ ನಾನು ಕೊಡಬೇಕು ಎಂದು ತೀರ್ಮಾನವಾದಾಗ ಕೃತಕ ಬುದ್ಧಿಮತ್ತೆಯ ಬಗ್ಗೆ ಮಾತಾಡಿ ಎಂದು ಹಲವರು ಹೇಳಿದರು. ನಾನು ಡ್ರಾಪ್‌ಡೌನ್ ಬಗ್ಗೆ ಮಾತಾಡುತ್ತೇನೆ ಎಂದೆ. ಫೋನಿನ ಆ ಬದಿಯಲ್ಲಿ ಸ್ವಲ್ಪ ಹೊತ್ತು ಮೌನ. ಆಮೇಲೆ, "ಅದರಲ್ಲಿ ಮಾತಾಡಲು ಏನಿದೆ?" ಎಂಬ ಪ್ರಶ್ನೆ ಬಂತು. ಏನಿದೆ ಎನ್ನುವುದು ನನಗೂ ಕಳೆದ ವರ್ಷದವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಎಂ.ಟೆಕ್. ಓದಿ, ಹತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕೆಲಸ ಮಾಡಿದ ಮೇಲೂ ಗೊತ್ತಿರಲಿಲ್ಲ. ಗೊತ್ತಾದದ್ದು ನಾನೇ ಮಾಡಿದ ಒಂದು ತಪ್ಪಿನಿಂದ. ಇವತ್ತು ಆ ತಪ್ಪನ್ನು ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಮೊದಲು ವಿಷಯ ಏನೆಂದು ಹೇಳುತ್ತೇನೆ. ಪಾಸ್‌ಪೋರ್ಟ್, ಬ್ಯಾಂಕು, ಮಕ್ಕಳ ಕಾಲೇಜು, ಯಾವ ಅರ್ಜಿ ತೆರೆದರೂ ಒಂದು ಸಣ್ಣ ಚೌಕ ಇರುತ್ತದೆ. ಅದನ್ನು ಒತ್ತಿದರೆ ಉದ್ದದ ಪಟ್ಟಿ ಕೆಳಗೆ ಬಿಚ್ಚಿಕೊಳ್ಳುತ್ತದೆ. ಅದೇ ಡ್ರಾಪ್‌ಡೌನ್. ಬಹಳಷ್ಟು ಕಡೆ ಇವು ಒಂದರ ಕೆಳಗೆ ಒಂದು ಇರುತ್ತವೆ: ರಾಜ್ಯ, ಜಿಲ್ಲೆ, ತಾಲೂಕು. ರಾಜ್ಯ ಆರಿಸಿದರೆ ಆ ರಾಜ್ಯದ ಜಿಲ್ಲೆಗಳು, ಜಿಲ್ಲೆ ಆರಿಸಿದರೆ ಆ ಜಿಲ್ಲೆಯ ತಾಲೂಕುಗಳು ಬರಬೇಕು. ಮಹಾರಾಷ್ಟ್ರ ಎಂದರೆ 36 ಜಿಲ್ಲೆ, ಕರ್ನಾಟಕ ಎಂದರೆ 31. ನೋಡಲು ಎಷ್ಟು ಸುಲಭ!

ಇಂಥ ಪಟ್ಟಿ ಮಾಡಲು ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ 'ಸೆಲೆಕ್ಟ್' ಎಂಬ ಗುರುತು ಇದೆ. ಅದರೊಳಗಿನ ಒಂದೊಂದು ಸಾಲಿಗೆ 'ಆಪ್ಷನ್' ಎಂದು ಹೆಸರು. 1995ರಲ್ಲಿ ಪ್ರಕಟವಾದ ಎಚ್‌ಟಿಎಂಎಲ್ 2.0ರಲ್ಲೇ ಇದು ಇತ್ತು. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ ಅವರು ಜಾವಾಸ್ಕ್ರಿಪ್ಟ್ ಭಾಷೆಯನ್ನು ರೂಪಿಸಿದರು. ಪಟ್ಟಿ ತಾನಾಗಿ ಏನನ್ನೂ ಮಾಡುವುದಿಲ್ಲ. ನೀವು ಕರ್ನಾಟಕ ಆರಿಸಿದಿರಿ ಎಂದು ಪುಟಕ್ಕೆ ತಿಳಿದರೆ ತಾನೇ ಅದು ಮುಂದಿನ ಕೆಲಸ ಮಾಡುವುದು? ಹಾಗೆ ತಿಳಿಸುವ ಕರೆಗಂಟೆಗೆ 'ಚೇಂಜ್ ಈವೆಂಟ್' ಎನ್ನುತ್ತೇವೆ. ನೀವು ಪಟ್ಟಿಯಲ್ಲಿ ಇದ್ದುದನ್ನು ಬಿಟ್ಟು ಬೇರೆಯದನ್ನು ಆರಿಸಿದ ಕೂಡಲೇ ಗಂಟೆ ಬಾರಿಸುತ್ತದೆ. ಆ ಗಂಟೆ ಕೇಳಿ ಎದ್ದು ಬಂದು ಏನು ಮಾಡಬೇಕು ಎಂದು ಬರೆಯುವುದು ನಮ್ಮಂಥವರ ಕೆಲಸ.

ಈಗ ಕಥೆಗೆ ಬರುತ್ತೇನೆ. ನಾನು ಕೆಲಸ ಮಾಡುವ ಒಂದು ಸಂಸ್ಥೆಯಲ್ಲಿ, ಹೆಸರು ಬೇಡ, ಪ್ರತಿ ವರ್ಷ ಕನ್ನಡಿಗರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ. ಅಲ್ಲಿ ನನ್ನದು ಸ್ವಯಂಸೇವೆ. ಕಾಗದದ ಅರ್ಜಿ ಸಾಕು, ಆನ್‌ಲೈನ್ ಮಾಡೋಣ ಎಂದು ಎಲ್ಲರೂ ಹೇಳಿದಾಗ ನಾನೇ ಮುಂದೆ ಬಂದು ಎರಡು ಭಾನುವಾರ ಕೂತು ಫಾರಂ ಮಾಡಿದೆ. ಚಪ್ಪಾಳೆಯೂ ಸಿಕ್ಕಿತು.

ಆ ಫಾರಂನಲ್ಲಿ ಎರಡು ವಿಳಾಸ. ಒಂದು, ಈಗ ಇರುವ ಮುಂಬಯಿ ವಿಳಾಸ. ಇನ್ನೊಂದು, ಮೂಲ ಊರು. ನಮಗೆಲ್ಲ ಇದು ಗೊತ್ತಿರುವ ಸಂಗತಿಯೇ. ಇಲ್ಲಿ ಇರುವ ಎಷ್ಟೋ ಮಂದಿಗೆ ತವರು ಒಂದು ತಾಲೂಕು, ಗಂಡನ ಮನೆ ಇನ್ನೊಂದು ತಾಲೂಕು, ಬಾಳು ಸಾಗಿಸುವುದು ಮೂರನೆಯ ಕಡೆ. ಹಾಗಾಗಿ ಎರಡು ವಿಳಾಸಕ್ಕೆ ಮೂರು ಮೂರರಂತೆ ಒಂದೇ ಪುಟದಲ್ಲಿ ಆರು ಡ್ರಾಪ್‌ಡೌನ್ ಪಟ್ಟಿಗಳಾದವು.

ಅರ್ಜಿಗಳೆಲ್ಲ ಬಂದ ಮೇಲೆ ಪರಿಶೀಲನಾ ಸಮಿತಿಯವರು ಕೂತರು. ಒಬ್ಬಳು ಹುಡುಗಿಯ ಅರ್ಜಿಯಲ್ಲಿ ಮೂಲ ಊರು ಹೀಗಿತ್ತು: ರಾಜ್ಯ ಕರ್ನಾಟಕ, ಜಿಲ್ಲೆ ಬಾಗಲಕೋಟೆ, ತಾಲೂಕು ಕಲ್ಯಾಣ್, ಗ್ರಾಮ ಬೈಂದೂರು. ಬೈಂದೂರು ಉಡುಪಿ ಜಿಲ್ಲೆಯಲ್ಲಿ, ಕಲ್ಯಾಣ್ ಇರುವುದು ನಮ್ಮ ಠಾಣೆ ಜಿಲ್ಲೆಯಲ್ಲಿ, ಬಾಗಲಕೋಟೆಗೆ ಇವೆರಡರ ಸಂಬಂಧವೇ ಇಲ್ಲ. "ಮಾಹಿತಿ ಹೊಂದಿಕೆಯಾಗುವುದಿಲ್ಲ" ಎಂದು ಬರೆದು ಅರ್ಜಿಯನ್ನು ಬದಿಗಿಟ್ಟರು. ಸುಳ್ಳು ಮಾಹಿತಿ ಕೊಟ್ಟಿರಬಹುದು ಎಂದೂ ಯಾರೋ ಅಂದರು. ನಾನೂ ಅಲ್ಲಿಯೇ ಇದ್ದೆ. ಅವಸರದಲ್ಲಿ ತುಂಬಿದ್ದಾರೆ, ಅಷ್ಟೇ ಎಂದುಕೊಂಡೆ.

ಎರಡು ದಿನ ಕಳೆದ ಮೇಲೆ ಆ ಹುಡುಗಿಯ ತಾಯಿ ಫೋನ್ ಮಾಡಿದರು. ಡೊಂಬಿವಲಿಯವರು. ದಾದರ್‌ನಲ್ಲಿ ಹೊಲಿಗೆ ಕೆಲಸ. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಕೊನೆಯ ದಿನ ಸಂಜೆ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲಿನಲ್ಲಿ ಅರ್ಜಿ ತುಂಬಿದ್ದರಂತೆ. ನಾನು ಏನಾಗಿದೆ ಎಂದು ಹೇಳಿದ ಕೂಡಲೇ ಅವರು, "ನನಗೆ ಇದೆಲ್ಲ ಸರಿಯಾಗಿ ಬರುವುದಿಲ್ಲ ಮೇಡಂ, ನನ್ನದೇ ತಪ್ಪು. ಮಗಳಿಗೆ ನನ್ನಿಂದಾಗಿ ಹೋಯಿತಲ್ಲ" ಎಂದರು. ಜಗಳ ಮಾಡಿದ್ದರೆ ನಾನು ಬಹುಶಃ ನಿಯಮ ಹೇಳಿ ಫೋನ್ ಇಡುತ್ತಿದ್ದೆ. ಅವರು ತಪ್ಪೊಪ್ಪಿಕೊಂಡ ರೀತಿ ಕೇಳಿ ನನಗೆ ಸಮಾಧಾನವಾಗಲಿಲ್ಲ. ಭಾನುವಾರ ಕಚೇರಿಗೆ ಬನ್ನಿ ಅಕ್ಕ, ಹೇಗೆ ತುಂಬಿದಿರೋ ಹಾಗೆಯೇ ನನ್ನ ಮುಂದೆ ಇನ್ನೊಮ್ಮೆ ತುಂಬಿ ತೋರಿಸಿ ಎಂದೆ.

ಬಂದರು. ಅವರ ಫೋನಿನಲ್ಲೇ ಫಾರಂ ತೆರೆದರು. ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಮುಂಬಯಿ ವಿಳಾಸ ಸರಿಯಾಗಿ ತುಂಬಿದರು: ಮಹಾರಾಷ್ಟ್ರ, ಠಾಣೆ, ಕಲ್ಯಾಣ್. ಮೂಲ ಊರಿಗೆ ಬಂದಾಗ ಅಭ್ಯಾಸಬಲದಿಂದ ಮತ್ತೆ ಮಹಾರಾಷ್ಟ್ರ, ಠಾಣೆ, ಕಲ್ಯಾಣ್ ಎಂದು ಒತ್ತಿದರು. ಆಮೇಲೆ, "ಅಯ್ಯೋ, ಇದು ಊರಿನದ್ದಲ್ಲವಾ" ಎಂದು ಮೇಲೆ ಹೋಗಿ ರಾಜ್ಯವನ್ನು ಕರ್ನಾಟಕ ಎಂದು ಬದಲಿಸಿದರು. ಜಿಲ್ಲೆಯ ಚೌಕದಲ್ಲಿ ಬಾಗಲಕೋಟೆ ತಾನಾಗಿಯೇ ಬಂದು ಕೂತಿತು. ತಾಲೂಕಿನ ಚೌಕದಲ್ಲಿ ಕಲ್ಯಾಣ್ ಹಾಗೆಯೇ ಉಳಿಯಿತು. ಅವರು ಕೆಳಗೆ ಗ್ರಾಮದ ಜಾಗದಲ್ಲಿ ಬೈಂದೂರು ಎಂದು ಬರೆದು ಸಲ್ಲಿಸುವ ಗುಂಡಿ ಒತ್ತಿದರು. ಫಾರಂ ಹಸಿರು ಬಣ್ಣದಲ್ಲಿ ಧನ್ಯವಾದ ಹೇಳಿತು.

"ಅಕ್ಕ, ಜಿಲ್ಲೆ ಯಾಕೆ ಬದಲಿಸಲಿಲ್ಲ?" ಎಂದು ಕೇಳಿದೆ. "ಎಲ್ಲಾ ತುಂಬಿಯೇ ಇತ್ತಲ್ಲ ಮೇಡಂ. ಖಾಲಿ ಇದ್ದರೆ ತಾನೇ ನಾವು ತುಂಬುವುದು?" ಎಂದರು.

ನನಗೆ ಉತ್ತರ ಇರಲಿಲ್ಲ. ಅವರು ಹೇಳಿದ್ದು ಪೂರಾ ಸರಿ. ಚೌಕ ಖಾಲಿ ಇದ್ದರೆ ಅದು ಪ್ರಶ್ನೆ. ತುಂಬಿದ್ದರೆ ಅದು ಉತ್ತರ. ನನ್ನ ಫಾರಂ ಅವರು ಕೊಡದ ಉತ್ತರವನ್ನು ಅವರ ಹೆಸರಿನಲ್ಲಿ ಬರೆದುಕೊಂಡಿತ್ತು. ಆ ರಾತ್ರಿ ನನ್ನ ಕೋಡ್ ತೆರೆದು ಒಂದೊಂದೇ ಸಾಲು ಓದಿದೆ. ಒಂದು ತಪ್ಪು ಹುಡುಕಲು ಹೋದವಳಿಗೆ ಆರು ಸಿಕ್ಕವು. ಅವುಗಳನ್ನು ಸರದಿಯಲ್ಲಿ ಹೇಳುತ್ತೇನೆ. ಇಲ್ಲಿ ಈ ಕೆಲಸ ಕಲಿಯುತ್ತಿರುವ ಹುಡುಗಿಯರೂ ಇದ್ದೀರಿ, ದಯವಿಟ್ಟು ಬರೆದುಕೊಳ್ಳಿ.

ಮೊದಲನೆಯದು. ರಾಜ್ಯದ ಗಂಟೆ ಬಾರಿಸಿದಾಗ ನಾನು ಜಿಲ್ಲೆಯ ಪಟ್ಟಿಯನ್ನು ಮಾತ್ರ ಬದಲಿಸುತ್ತಿದ್ದೆ. ತಾಲೂಕು ಜಿಲ್ಲೆಯ ಕೆಳಗಿನದು, ಜಿಲ್ಲೆ ಬದಲಾದಾಗ ಅದು ನೋಡಿಕೊಳ್ಳುತ್ತದೆ ಎಂದುಕೊಂಡಿದ್ದೆ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ಚೇಂಜ್ ಈವೆಂಟಿನ ಗಂಟೆ ಮನುಷ್ಯರು ಬದಲಿಸಿದಾಗ ಮಾತ್ರ ಬಾರಿಸುತ್ತದೆ. ಕೋಡ್ ಒಳಗಿನಿಂದ ಬದಲಿಸಿದರೆ ಬಾರಿಸುವುದಿಲ್ಲ. ಮನೆಯ ಕರೆಗಂಟೆಯೂ ಹಾಗೆಯೇ ಅಲ್ಲವೇ? ಹೊರಗಿನಿಂದ ಬಂದವರು ಒತ್ತಿದರೆ ಸದ್ದಾಗುತ್ತದೆ, ಒಳಗಿದ್ದವರು ಕೋಣೆಯಿಂದ ಕೋಣೆಗೆ ಹೋದರೆ ಆಗುವುದಿಲ್ಲ. ಜಿಲ್ಲೆಯನ್ನು ಬದಲಿಸಿದ್ದು ನನ್ನ ಕೋಡ್. ಹಾಗಾಗಿ ಜಿಲ್ಲೆಯ ಗಂಟೆ ಬಾರಿಸಲಿಲ್ಲ, ತಾಲೂಕಿಗೆ ಸುದ್ದಿಯೇ ಮುಟ್ಟಲಿಲ್ಲ. ನಿಯಮ ಇಷ್ಟು: ಮೇಲಿನ ಪಟ್ಟಿ ಬದಲಾದರೆ ಅದರ ಕೆಳಗಿರುವ ಎಲ್ಲ ಪಟ್ಟಿಗಳನ್ನೂ, ತಕ್ಕ ಮುಂದಿನದನ್ನಷ್ಟೇ ಅಲ್ಲ, ಆ ಕ್ಷಣದಲ್ಲೇ ಖಾಲಿ ಮಾಡಬೇಕು. ಹೊಸ ಪಟ್ಟಿ ತರಿಸುವುದು ಆಮೇಲಿನ ಕೆಲಸ.

ಎರಡನೆಯದು. ಖಾಲಿ ಸಾಲು ಇಡದೆ ಪಟ್ಟಿ ತುಂಬಿದರೆ ಮೊದಲನೆಯ ಹೆಸರು ತಾನಾಗಿ ಆಯ್ಕೆಯಾಗುತ್ತದೆ. ಸಾಮಾನ್ಯ ಡ್ರಾಪ್‌ಡೌನಿನ ಸ್ವಭಾವವೇ ಅದು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಕರ್ನಾಟಕದ ಮೊದಲ ಜಿಲ್ಲೆ ಬಾಗಲಕೋಟೆ. ಬಾಗಲಕೋಟೆಯನ್ನು ನೋಡದೇ ಇರುವ ಎಷ್ಟು ಮಂದಿಯನ್ನು ಇಂಥ ಫಾರಂಗಳು ಆ ಜಿಲ್ಲೆಯವರನ್ನಾಗಿ ಮಾಡಿವೆಯೋ! ಪಟ್ಟಿಯ ತಲೆಯಲ್ಲಿ 'ಜಿಲ್ಲೆ ಆರಿಸಿ' ಎಂಬ ಬೆಲೆಯಿಲ್ಲದ ಸಾಲು ಇಟ್ಟು, ಆ ಚೌಕ 'ರಿಕ್ವೈರ್ಡ್', ಅಂದರೆ ತುಂಬಲೇಬೇಕಾದದ್ದು, ಎಂದು ಗುರುತು ಹಾಕಿದರೆ ಸಾಕು. ಆರಿಸದೆ ಸಲ್ಲಿಸಲು ಹೋದರೆ ಬ್ರೌಸರೇ ತಡೆಯುತ್ತದೆ.

ಮೂರನೆಯದು ನೆಟ್‌ವರ್ಕಿನದು. ಜಿಲ್ಲೆಗಳ ಪಟ್ಟಿ ನಿಮ್ಮ ಫೋನಿನಲ್ಲಿ ಇರುವುದಿಲ್ಲ, ಸರ್ವರಿನಿಂದ ಬರಬೇಕು. ನೀವು ಹೋಟೆಲಿನಲ್ಲಿ ಉಪ್ಪಿಟ್ಟು ಹೇಳಿದಿರಿ ಎಂದುಕೊಳ್ಳಿ. ತಕ್ಷಣ ಮನಸ್ಸು ಬದಲಿಸಿ, ಬೇಡ, ಇಡ್ಲಿ ಕೊಡಿ ಎಂದಿರಿ. ಇಡ್ಲಿ ಬಂತು, ತಿನ್ನಲು ಶುರು ಮಾಡಿದಿರಿ. ಅಷ್ಟರಲ್ಲಿ ಒಳಗಿನಿಂದ ಹಳೆಯ ಉಪ್ಪಿಟ್ಟು ಬಂದು, ಮಾಣಿ ಇಡ್ಲಿ ತಟ್ಟೆಯನ್ನು ಎತ್ತಿಕೊಂಡು ಹೋದ. ನನ್ನ ಫಾರಂ ಅದನ್ನೇ ಮಾಡುತ್ತಿತ್ತು. ಮೊದಲು ಮಹಾರಾಷ್ಟ್ರ, ಕೂಡಲೇ ಕರ್ನಾಟಕ ಒತ್ತಿದರೆ ಸರ್ವರಿಗೆ ಎರಡು ಬೇಡಿಕೆ ಹೋಗುತ್ತವೆ. ಮೊದಲು ಕೇಳಿದ್ದು ಮೊದಲೇ ಬರುತ್ತದೆ ಎಂಬ ಖಾತ್ರಿ ಇಲ್ಲ. ರೈಲಿನಲ್ಲಿ ಸಿಗ್ನಲ್ ಹೋಗಿ ಬಂದು ಮಾಡುವಾಗಲಂತೂ ಇಲ್ಲವೇ ಇಲ್ಲ. ತಡವಾಗಿ ಬಂದ ಮಹಾರಾಷ್ಟ್ರದ ಪಟ್ಟಿ ಕರ್ನಾಟಕದ ಕೆಳಗೆ ಕೂತುಬಿಡುತ್ತದೆ. ಇದಕ್ಕೆ ಹಳೆಯ ಬೇಡಿಕೆಯನ್ನು ರದ್ದು ಮಾಡುವ 'ಅಬಾರ್ಟ್ ಕಂಟ್ರೋಲರ್' ಎಂಬ ಸೌಲಭ್ಯ ಬ್ರೌಸರಿನಲ್ಲೇ ಇದೆ. ಅದು ಬೇಡವೆಂದರೆ ಪ್ರತಿ ಬೇಡಿಕೆಗೂ ಒಂದು ಟೋಕನ್ ಸಂಖ್ಯೆ ಕೊಟ್ಟು, ಬಂದ ಉತ್ತರ ಕೊನೆಯ ಟೋಕನಿನದೇ ಎಂದು ನೋಡಿಕೊಂಡು ಬಡಿಸಬೇಕು. ಪಟ್ಟಿ ಬರುವವರೆಗೆ ಕೆಳಗಿನ ಚೌಕವನ್ನು ಮುಚ್ಚಿಟ್ಟು 'ಜಿಲ್ಲೆಗಳು ಬರುತ್ತಿವೆ' ಎಂದು ತೋರಿಸಬೇಕು.

ನಾಲ್ಕನೆಯದು ನಕಲಿನ ತಪ್ಪು. ಆರು ಪಟ್ಟಿಗಳಿಗೆ ಆರು ಕಡೆ ಬೇರೆ ಬೇರೆ ಕೋಡ್ ಬರೆದಿದ್ದೆ. ಬರೆದಿದ್ದೆ ಎನ್ನುವುದಕ್ಕಿಂತ ಮೊದಲನೆಯದನ್ನು ನಕಲು ಮಾಡಿ ಹೆಸರು ಬದಲಿಸಿದ್ದೆ. ಒಂದು ಕಡೆ ಹೆಸರು ಬದಲಿಸಲು ಮರೆತಿತ್ತು. ಕೆಲವೊಮ್ಮೆ ಊರಿನ ಜಿಲ್ಲೆ ಬದಲಿಸಿದರೆ ಮುಂಬಯಿ ವಿಳಾಸದ ತಾಲೂಕು ಬದಲಾಗುತ್ತಿತ್ತು! ಈಗ ಹಾಗೆ ಮಾಡುವುದಿಲ್ಲ. ಚೇಂಜ್ ಈವೆಂಟ್‌ಗೆ ಒಂದು ಒಳ್ಳೆಯ ಗುಣ ಇದೆ: ಅದು ಹುಟ್ಟಿದ ಪಟ್ಟಿಯಿಂದ ಮೇಲಕ್ಕೆ, ಅದನ್ನು ಸುತ್ತುವರಿದ ಫಾರಂವರೆಗೂ ಏರಿ ಬರುತ್ತದೆ. 'ಬಬ್ಲಿಂಗ್' ಎನ್ನುತ್ತಾರೆ, ನೀರಿನ ಗುಳ್ಳೆ ಮೇಲೇಳುವ ಹಾಗೆ. ಆದ್ದರಿಂದ ಪ್ರತಿ ಮನೆಗೂ ಒಬ್ಬ ಕಾವಲುಗಾರ ಬೇಡ, ಸೊಸೈಟಿಯ ಗೇಟಿನಲ್ಲಿ ಒಬ್ಬ ವಾಚ್‌ಮನ್ ಸಾಕು. ಬಂದವರನ್ನು ಆತ ಎರಡು ಪ್ರಶ್ನೆ ಕೇಳುತ್ತಾನೆ: ಯಾವ ವಿಂಗ್, ಎಷ್ಟನೆಯ ಮಹಡಿ? ಫಾರಂನಲ್ಲೂ ಅಷ್ಟೇ. ಎರಡು ವಿಳಾಸಗಳನ್ನು ಎರಡು 'ಫೀಲ್ಡ್‌ಸೆಟ್' ಒಳಗೆ ಇಟ್ಟು, ಪ್ರತಿ ಪಟ್ಟಿಗೂ ಅದು ಎಷ್ಟನೆಯ ಮಟ್ಟ ಎಂದು ಗುರುತು ಹಾಕಿದೆ. ಗಂಟೆ ಬಾರಿಸಿದಾಗ ಒಂದೇ ಕೋಡ್ 'ಈವೆಂಟ್ ಟಾರ್ಗೆಟ್' ನೋಡಿ ಯಾವ ಪಟ್ಟಿ ಎಂದು ತಿಳಿದುಕೊಳ್ಳುತ್ತದೆ. ಅದೇ ಫೀಲ್ಡ್‌ಸೆಟ್ಟಿನಲ್ಲಿ ಅದಕ್ಕಿಂತ ಕೆಳಗಿನವುಗಳನ್ನು ಖಾಲಿ ಮಾಡಿ ಮುಂದಿನದನ್ನು ತರಿಸುತ್ತದೆ. ನಾಳೆ ಗ್ರಾಮದ ಪಟ್ಟಿ ಸೇರಿಸಿದರೂ ಕೋಡ್ ಬದಲಿಸಬೇಕಾಗಿಲ್ಲ.

ಐದನೆಯದು, 'ಎರಡೂ ವಿಳಾಸ ಒಂದೇ' ಎಂಬ ಗುರುತಿನ ಚೌಕ. ಅದನ್ನು ಒತ್ತಿದರೆ ಮೇಲಿನ ವಿಳಾಸ ಕೆಳಗೆ ನಕಲಾಗಬೇಕು. ರಾಜ್ಯ ನಕಲಾಗುತ್ತಿತ್ತು, ಜಿಲ್ಲೆ ಆಗುತ್ತಿರಲಿಲ್ಲ. ಯಾಕೆಂದು ಈಗ ನಿಮಗೇ ಗೊತ್ತು: ನಕಲು ಮಾಡಿದ್ದು ಕೋಡ್, ಗಂಟೆ ಬಾರಿಸಲಿಲ್ಲ, ಕೆಳಗಿನ ಪಟ್ಟಿಯಲ್ಲಿ ಜಿಲ್ಲೆಗಳೇ ಬಂದಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ ಹೆಸರನ್ನು ಆರಿಸಲಾಗದು. ಇದಕ್ಕೆ ಪಟ್ಟಿ ತುಂಬಿಸುವ ಕೆಲಸವನ್ನು ಗಂಟೆಯಿಂದ ಬೇರೆ ಮಾಡಿ ಸ್ವತಂತ್ರವಾಗಿ ಬರೆಯಬೇಕು. ಆಗ ಮನುಷ್ಯರು ಬದಲಿಸಿದರೂ ಅದನ್ನೇ ಕರೆಯಬಹುದು, ನಕಲು ಮಾಡುವಾಗಲೂ ಅದನ್ನೇ ಕರೆದು, ಪಟ್ಟಿ ಬಂದ ಮೇಲೆ ಜಿಲ್ಲೆ, ಆಮೇಲೆ ತಾಲೂಕು ಎಂದು ಒಂದೊಂದಾಗಿ ಇಡಬಹುದು.

ಆರನೆಯದು ಎಲ್ಲಕ್ಕಿಂತ ದೊಡ್ಡದು. ಪುಟ ಏನೇ ತಪ್ಪು ಮಾಡಲಿ, ಸರ್ವರ್ ಹಿಡಿಯಬೇಕಿತ್ತು. ನಾನು ಸರ್ವರಿನಲ್ಲಿ ಪ್ರತಿ ಚೌಕ ತುಂಬಿದೆಯೇ ಎಂದು ಮಾತ್ರ ನೋಡಿದ್ದೆ. ಈ ತಾಲೂಕು ಈ ಜಿಲ್ಲೆಯದೇ, ಈ ಜಿಲ್ಲೆ ಈ ರಾಜ್ಯದ್ದೇ ಎಂದು ಕೇಳಿರಲಿಲ್ಲ. ಪಿನ್‌ಕೋಡ್ ಕೂಡ ಸಹಾಯ ಮಾಡುತ್ತದೆ. ಕರ್ನಾಟಕದ ಪಿನ್‌ಕೋಡ್‌ಗಳ ಮೊದಲೆರಡು ಅಂಕಿ 56ರಿಂದ 59ರೊಳಗೆ, ಮಹಾರಾಷ್ಟ್ರದವು 40ರಿಂದ 44ರೊಳಗೆ. ಇಷ್ಟು ನೋಡಿದ್ದರೂ ಸಾಕಿತ್ತು, 'ಅಕ್ಕ, ಇಲ್ಲೇನೋ ಹೊಂದುತ್ತಿಲ್ಲ, ಇನ್ನೊಮ್ಮೆ ನೋಡಿ' ಎಂದು ಫಾರಂ ಆಗಲೇ ಹೇಳುತ್ತಿತ್ತು.

ಕಲಿಯುವವರಿಗೆ ಇನ್ನೊಂದು ಮಾತು. ಪಟ್ಟಿಯಲ್ಲಿ ಹೆಸರು ಆರಿಸಿದ ಕೂಡಲೇ ಬೇರೆ ಪುಟಕ್ಕೆ ಕರೆದುಕೊಂಡು ಹೋಗುವ ಅಥವಾ ಫಾರಂ ಸಲ್ಲಿಸಿಬಿಡುವ ಜಾಣತನ ಬೇಡ. ಕೀಲಿಮಣೆಯ ಬಾಣದ ಗುಂಡಿಯಿಂದ ಪಟ್ಟಿಯಲ್ಲಿ ಇಳಿಯುವವರಿಗೆ ಕೆಲವು ಬ್ರೌಸರುಗಳಲ್ಲಿ ಒಂದೊಂದು ಹೆಸರು ದಾಟಿದಾಗಲೂ ಗಂಟೆ ಬಾರಿಸುತ್ತದೆ. ಕಣ್ಣು ಕಾಣದವರು, ಕೈ ನಡುಗುವ ಹಿರಿಯರು ಹಾಗೆಯೇ ಬಳಸುವುದು. ಮುನ್ಸೂಚನೆ ಕೊಡದೆ ಪುಟ ಬದಲಾಗಬಾರದು ಎಂದು ಡಬ್ಲ್ಯುತ್ರೀಸಿ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸುಗಮತೆಯ ಮಾರ್ಗಸೂಚಿಯಲ್ಲೇ ಇದೆ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ನಾವು ಆರಿಸುವಾಗ ಮಾತ್ರವಲ್ಲ, ಪಟ್ಟಿಯೇ ಬದಲಾಗುತ್ತಿರುತ್ತದೆ. ನಮ್ಮಲ್ಲಿ ಐವತ್ತು ದಾಟಿದವರು ಊರು ಬಿಟ್ಟು ಬಂದಾಗ ಉಡುಪಿ ಜಿಲ್ಲೆಯೇ ಇರಲಿಲ್ಲ. ಅದು ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರಲ್ಲಿ, ಉಡುಪಿ, ಕುಂದಾಪುರ, ಕಾರ್ಕಳ ಎಂಬ ಮೂರು ತಾಲೂಕುಗಳೊಂದಿಗೆ. 2018ರ ಸುಮಾರಿಗೆ ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಹೊಸ ತಾಲೂಕುಗಳಾದವು. ಬೈಂದೂರಿನವರ ಹಳೆಯ ಕಾಗದಪತ್ರದಲ್ಲಿ 'ಕುಂದಾಪುರ ತಾಲೂಕು, ದಕ್ಷಿಣ ಕನ್ನಡ' ಎಂದಿರುತ್ತದೆ. ಮನೆ ಇದ್ದ ಜಾಗದಲ್ಲೇ ಇದೆ, ಜಿಲ್ಲೆಯೂ ತಾಲೂಕೂ ಎರಡೂ ಬದಲಾಗಿವೆ. ಇಲ್ಲಿಯೂ ಅಷ್ಟೇ. 1990ರಲ್ಲಿ ಮುಂಬಯಿ ಉಪನಗರ ಜಿಲ್ಲೆ ಬೇರೆಯಾಯಿತು: ಕುರ್ಲಾ, ಅಂಧೇರಿ, ಬೋರಿವಲಿ ಅದರ ಮೂರು ತಾಲೂಕುಗಳು. ವಸಯಿ, ನಾಲಾಸೋಪಾರ, ವಿರಾರ್‌ನವರು 2014ರ ಆಗಸ್ಟ್ 1ರಿಂದ ಠಾಣೆ ಬಿಟ್ಟು ಪಾಲ್ಘರ್ ಜಿಲ್ಲೆಗೆ ಸೇರಿದರು. ನವಿ ಮುಂಬಯಿ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ವಾಶಿ, ನೆರೂಳ್ ಠಾಣೆ ಜಿಲ್ಲೆ. ಖಾರ್‌ಘರ್, ಪನ್ವೇಲ್ ರಾಯಗಡ ಜಿಲ್ಲೆ. ಹೆಸರುಗಳೂ ಬದಲಾದವು: 2014ರ ನವೆಂಬರ್ 1ರಂದು ಬೆಳಗಾವಿ, ಕಲಬುರಗಿ, ವಿಜಯಪುರ, ಶಿವಮೊಗ್ಗ ಮುಂತಾದ 12 ಊರುಗಳ ಹೆಸರುಗಳು ಇಂಗ್ಲಿಷಿನಲ್ಲೂ ಕನ್ನಡದ ರೂಪಕ್ಕೆ ಬಂದವು.

ಆದ್ದರಿಂದ ಫಾರಂ ಮಾಡುವವರು ಹೆಸರನ್ನು ಉಳಿಸಿಡಬಾರದು, ಸಂಕೇತ ಸಂಖ್ಯೆಯನ್ನು ಉಳಿಸಿಡಬೇಕು. ನಿಮ್ಮ ಬಡಾವಣೆಯ ಹೋಟೆಲಿನ ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ನೋಡಿ, ಮೊದಲೆರಡು ಅಂಕಿ 27. ಅದು ಮಹಾರಾಷ್ಟ್ರ. ಉಡುಪಿಯಲ್ಲಿ ಉಂಡರೆ 29, ಅದು ಕರ್ನಾಟಕ. ಜಿಲ್ಲೆ, ತಾಲೂಕು, ಗ್ರಾಮಗಳಿಗೂ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಆಡಳಿತ ಡೈರೆಕ್ಟರಿಯಲ್ಲಿ ಸಂಕೇತ ಸಂಖ್ಯೆಗಳಿವೆ. ಹೆಸರು ಬದಲಾದರೂ ಗುರುತು ತಪ್ಪದು. ಜೊತೆಗೆ ಪಟ್ಟಿಯ ಕೊನೆಯಲ್ಲಿ 'ನನ್ನ ತಾಲೂಕು ಇಲ್ಲಿಲ್ಲ' ಎಂಬ ಒಂದು ಸಾಲು ಮತ್ತು ಬರೆಯಲು ಜಾಗ ಇಡಬೇಕು. ಪಟ್ಟಿ ಮಾಡಿದವರಿಗೆ ಎಲ್ಲ ಗೊತ್ತಿರುತ್ತದೆ ಎಂದೇನೂ ಇಲ್ಲ.

ಈಗ ಫಾರಂ ತುಂಬುವ ನಮಗೆಲ್ಲ ನಾಲ್ಕು ಮಾತು. ಒಂದು, ಯಾವಾಗಲೂ ಮೇಲಿನಿಂದ ಕೆಳಕ್ಕೆ ತುಂಬಿ. ಎರಡು, ಮೇಲೆ ಹೋಗಿ ಏನನ್ನಾದರೂ ಬದಲಿಸಿದರೆ ಅದರ ಕೆಳಗಿನ ಪ್ರತಿಯೊಂದು ಚೌಕವನ್ನೂ, ತುಂಬಿದ್ದರೂ ಸಹ, ಮತ್ತೆ ನೋಡಿ. ಬ್ರೌಸರಿನ ಹಿಂದೆ ಹೋಗುವ ಗುಂಡಿ ಒತ್ತಿ ಬಂದಿದ್ದರೂ ಹಾಗೆಯೇ ಮಾಡಿ. ಮೂರು, ಪಟ್ಟಿ ಬರುತ್ತಿರುವಾಗ ಎರಡು ಕ್ಷಣ ಕಾಯಿರಿ, ಮತ್ತೆ ಮತ್ತೆ ಒತ್ತಬೇಡಿ. ನಾಲ್ಕು, ಸಲ್ಲಿಸುವ ಮೊದಲು ಪೂರ್ತಿ ಪುಟವನ್ನು ಒಮ್ಮೆ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಾಳೆ ಯಾರಾದರೂ 'ನೀವೇ ಹೀಗೆ ತುಂಬಿದ್ದೀರಿ' ಎಂದರೆ ತೋರಿಸಲು ಒಂದು ಸಾಕ್ಷಿ ಇರುತ್ತದೆ.

ಆ ಅರ್ಜಿಯ ಕಥೆ ಮುಗಿಸುತ್ತೇನೆ. ಮರುದಿನ ಸಮಿತಿಯವರಿಗೆ ಎಲ್ಲವನ್ನೂ ವಿವರಿಸಿ, ತಪ್ಪು ಫಾರಂನದು, ಅಂದರೆ ನನ್ನದು ಎಂದೆ. ರಾಜ್ಯ, ಜಿಲ್ಲೆ, ತಾಲೂಕು ಹೊಂದದ ಅರ್ಜಿಗಳು ಬೇರೆ ಇವೆಯೇ ಎಂದು ಹುಡುಕಿದೆವು. ಇನ್ನೂ ನಾಲ್ಕು ಸಿಕ್ಕವು. ನಾಲ್ಕನ್ನೂ ಬದಿಗಿಟ್ಟಿದ್ದರು. ಅವರಲ್ಲಿ ಒಬ್ಬರೂ ಫೋನ್ ಮಾಡಿ ಯಾಕೆಂದು ಕೇಳಿರಲಿಲ್ಲ. ನಾವೇ ಕರೆ ಮಾಡಿದೆವು. ನಾಲ್ಕರಲ್ಲಿ ಮೂರನ್ನು ತುಂಬಿದವರು ತಾಯಂದಿರು, ಮೂವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು: ನನ್ನಿಂದಲೇ ಏನೋ ತಪ್ಪಾಗಿರಬೇಕು. ಸಮಿತಿಯವರು ದೊಡ್ಡ ಮನಸ್ಸು ಮಾಡಿ ಐದು ಅರ್ಜಿಗಳನ್ನೂ ಮತ್ತೆ ಪರಿಶೀಲನೆಗೆ ತೆಗೆದುಕೊಂಡರು. ಡೊಂಬಿವಲಿಯ ಹುಡುಗಿಗೆ ವಿದ್ಯಾರ್ಥಿವೇತನ ಸಿಕ್ಕಿತು. ಇನ್ನೊಂದು ಮನೆಯಲ್ಲಿ ಅಷ್ಟರಲ್ಲಾಗಲೇ ಬಡ್ಡಿಗೆ ಸಾಲ ತೆಗೆದು ಫೀಸು ಕಟ್ಟಿ ಆಗಿತ್ತು. ಹಣ ಕೊಟ್ಟೆವು, ಕಟ್ಟಿದ ಬಡ್ಡಿಯನ್ನು ಹಿಂದೆ ಕೊಡಲಾಗಲಿಲ್ಲ. ಕೋಡಿನಲ್ಲಿ ಎರಡು ಸಾಲು ಬಿಟ್ಟದ್ದಕ್ಕೆ ಯಾರೋ ಬಡ್ಡಿ ಕಟ್ಟಿದರು. ಅದು ನನಗೆ ಮರೆಯುವುದಿಲ್ಲ.

ಆದ್ದರಿಂದ ಈ ಸಭೆಯಲ್ಲಿ ನನ್ನ ಕೋರಿಕೆ ಇಷ್ಟೇ. ಫಾರಂ ಎಡವಟ್ಟು ಮಾಡಿದಾಗ 'ನನಗೆ ಬರುವುದಿಲ್ಲ' ಎಂದು ಮೊದಲೇ ಒಪ್ಪಿಕೊಳ್ಳಬೇಡಿ. ಏನು ಒತ್ತಿದಿರಿ, ಏನು ಕಂಡಿತು ಎಂದು ಹೇಳಿ, ಕೇಳಿ. ಒಲೆಯ ಮುಂದೆ ನಿಂತು ಉಪ್ಪು ಎಷ್ಟೆಂದು ಕಣ್ಣಳತೆಯಲ್ಲೇ ಹೇಳುವವರು ನೀವು, ಒಂದು ಚೌಕ ತುಂಬಲು ಬಾರದವರೇನಲ್ಲ. ಈ ಕೆಲಸ ಕಲಿಯುತ್ತಿರುವ ತಂಗಿಯರಿಗೆ ಹೇಳುವುದು: ನೀವು ಮಾಡಿದ ಫಾರಂ ಅನ್ನು ಮೊದಲು ನಿಮ್ಮ ಅಮ್ಮನ ಕೈಗೆ, ಅವರ ಫೋನಿನಲ್ಲೇ ಕೊಡಿ. ಪಕ್ಕದಲ್ಲಿ ಕೂತು ನೋಡಿ, ಮಾತಾಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನಿಮ್ಮ ಕೆಲಸ ಬಾಕಿ ಇದೆ ಎಂದು ತಿಳಿದುಕೊಳ್ಳಿ.

ಹೊಸ ಫಾರಂ ಈಗ ಸಿದ್ಧವಾಗಿದೆ. ಅದನ್ನು ಮೊದಲು ಪರೀಕ್ಷೆ ಮಾಡಿಕೊಟ್ಟವರು ಆ ಅಕ್ಕನೇ. ರಾಜ್ಯ ಬದಲಿಸಿದ ಕೂಡಲೇ ಕೆಳಗಿನ ಎರಡೂ ಚೌಕಗಳು ಖಾಲಿಯಾದವು. "ಈಗ ಸರಿ ಮೇಡಂ. ಈಗ ಅದು ನನ್ನನ್ನು ಕೇಳುತ್ತಿದೆ" ಎಂದರು.

ಚಹಾ ಆದ ಮೇಲೆ ಇಲ್ಲೇ ಇರುತ್ತೇನೆ. ನಿಮ್ಮ ಫೋನಿನಲ್ಲಿ ಅರ್ಧಕ್ಕೆ ನಿಂತಿರುವ ಯಾವುದಾದರೂ ಅರ್ಜಿ ಇದ್ದರೆ ತನ್ನಿ, ಒಟ್ಟಿಗೆ ಕೂತು ನೋಡೋಣ.